ಯಾರೂ ಬೇಟೆಯಾಡದ ವಕೀತಾ ಖಾಲಿಯಾದದ್ದು ಹೇಗೆ?

ಡಾಲ್ಫಿನ್‌ನಂಥ ಪುಟ್ಟ ಕಡಲಪ್ರಾಣಿ ವಕೀತಾದ ಮಾಂಸಕ್ಕೆ ಮಾರುಕಟ್ಟೆ ಇಲ್ಲ. ಅದರ ಚರ್ಮ, ಹಲ್ಲು, ಎಣ್ಣೆಯನ್ನೂ ಕೇಳುವವರಿಲ್ಲ. ಅದು ಮನುಷ್ಯರ ಮೇಲೆ ಬೀಳುವುದಿಲ್ಲ, ದೋಣಿಯ ಹತ್ತಿರ ಸುಳಿಯುವುದೂ ಇಲ್ಲ. ಮೋಟಾರಿನ ಸದ್ದು ಕೇಳಿದರೆ ದೂರ ಸರಿಯುತ್ತದೆ. ವಕೀತಾ ಹಿಡಿದು ತರೋಣ ಅಂತ ದೋಣಿ ಇಳಿಸುವ ದಂಧೆಯೇ ಇಲ್ಲ. ಇಷ್ಟಾಗಿಯೂ 2024ರಲ್ಲಿ ವಿಜ್ಞಾನಿಗಳು ವಾರಗಟ್ಟಲೆ ಸಮುದ್ರದಲ್ಲಿ ಕೂತು ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಆರರಿಂದ ಎಂಟು ಮಾತ್ರ. ಒಂದು ಟೆಂಪೋ ಟ್ರಾವೆಲರ್‌ನಲ್ಲಿ ಕೂರಿಸಿದರೆ ಇನ್ನೂ ಸೀಟು ಮಿಕ್ಕುತ್ತವೆ.

ಅಳಿವಿನ ಅಂಚಿನ ಪ್ರಾಣಿಗಳ ಕಥೆ ಸಾಮಾನ್ಯವಾಗಿ ಗೋಜಲು. ಕಾಡು ಹೋಯಿತು, ನದಿ ಕೆಟ್ಟಿತು, ರೋಗ ಬಂತು, ಬೇಟೆಯೂ ಸೇರಿತು ಅಂತ ಹತ್ತು ಕಾರಣ ಹೇಳಬೇಕಾಗುತ್ತದೆ. ವಕೀತಾ ಹಾಗಲ್ಲ. ಇಲ್ಲಿ ಕಾರಣ ಒಂದೇ, ಪರಿಹಾರವೂ ಒಂದೇ. ಎರಡೂ ಎಲ್ಲರಿಗೂ ಮೂವತ್ತು ವರ್ಷದಿಂದ ಗೊತ್ತು. ಆದರೂ ಯಾಕೆ ಆಗಲಿಲ್ಲ? ನನಗೆ ಕುತೂಹಲ ಹುಟ್ಟಿಸಿದ್ದು ಈ ಪ್ರಶ್ನೆ.

ಮೊದಲು ಪ್ರಾಣಿಯ ಪರಿಚಯ ಆಗಲಿ. ಸ್ಪ್ಯಾನಿಷ್‌ನಲ್ಲಿ ವಾಕಾ ಅಂದರೆ ಹಸು, ವಕೀತಾ ಅಂದರೆ ಪುಟ್ಟ ಹಸು. ಇದು ಡಾಲ್ಫಿನ್ ಅಲ್ಲ, ಅದರ ದಾಯಾದಿಯಾದ ಪಾರ್ಪಾಯ್ಸ್ ಕುಟುಂಬದ್ದು. ನಮ್ಮ ನಿಘಂಟಿನಲ್ಲಿ ಪಾರ್ಪಾಯ್ಸ್‌ಗೆ ಕಡಲಹಂದಿ ಅನ್ನುತ್ತಾರೆ. ಅವರಿಗೆ ಹಸುವಾಗಿ ಕಂಡದ್ದು ನಮಗೆ ಹಂದಿಯಾಗಿ ಕಂಡಿದೆ, ಇರಲಿ. ಉದ್ದ ಒಂದೂವರೆ ಮೀಟರ್ ಮುಟ್ಟಿದರೆ ಜಾಸ್ತಿ. ತೂಕ ಸುಮಾರು ಐವತ್ತು ಕೆಜಿ. ತಿಮಿಂಗಿಲ, ಡಾಲ್ಫಿನ್, ಪಾರ್ಪಾಯ್ಸ್‌ಗಳೆಲ್ಲ ಸೇರಿದ ದೊಡ್ಡ ಬಳಗದಲ್ಲಿ ಅತಿ ಸಣ್ಣ ಪ್ರಾಣಿಗಳಲ್ಲಿ ಒಂದು. ಬೂದು ಮೈ, ಕಣ್ಣಿನ ಸುತ್ತ ಕಾಡಿಗೆ ತೀಡಿದ ಹಾಗೆ ಕಪ್ಪು ಉಂಗುರ, ತುಟಿಯೂ ಕಪ್ಪು. ಡಾಲ್ಫಿನ್‌ನಂತೆ ನೆಗೆದು ಆಟ ತೋರಿಸುವ ಸ್ವಭಾವ ಇಲ್ಲ. ಮೆಲ್ಲಗೆ ಮೇಲೆ ಬಂದು, ಉಸಿರೆಳೆದುಕೊಂಡು, ಮತ್ತೆ ಮುಳುಗುತ್ತದೆ. ಅಲೆ ಸ್ವಲ್ಪ ಎದ್ದಿದ್ದರೂ ಕಾಣುವುದಿಲ್ಲ.

ಇಂಥ ಪ್ರಾಣಿ ಒಂದಿದೆ ಅಂತ ವಿಜ್ಞಾನಕ್ಕೆ ಗೊತ್ತಾದದ್ದೇ ತಡವಾಗಿ. 1950ರಲ್ಲಿ ಕೆನ್ನೆತ್ ನಾರಿಸ್ ಅನ್ನುವ ಅಮೆರಿಕದ ವಿಜ್ಞಾನಿಗೆ ಮೆಕ್ಸಿಕೋದ ಸಾನ್ ಫೆಲಿಪೆ ಊರಿನ ಹತ್ತಿರದ ಕಡಲತೀರದಲ್ಲಿ ಒಂದು ತಲೆಬುರುಡೆ ಸಿಕ್ಕಿತು. 1958ರಲ್ಲಿ ಅವರೂ ವಿಲಿಯಂ ಮ್ಯಾಕ್‌ಫಾರ್ಲೆಂಡ್ ಕೂಡ ಸೇರಿ, ಬರೀ ಬುರುಡೆಗಳನ್ನೇ ನೋಡಿ, ಇದು ಬೇರೆಯೇ ಪ್ರಭೇದ ಅಂತ ಬರೆದರು. ಹೆಸರಿಟ್ಟು ಇನ್ನೂ ಎಪ್ಪತ್ತು ವರ್ಷ ಆಗಿಲ್ಲ.

ಇದು ಇರುವುದು ಜಗತ್ತಿನಲ್ಲಿ ಒಂದೇ ಕಡೆ. ಮೆಕ್ಸಿಕೋದ ಭೂಪಟದಲ್ಲಿ ಎಡಗಡೆ ಬಾಲದ ಹಾಗೆ ಇಳಿಬಿದ್ದಿರುವ ಉದ್ದನೆಯ ನೆಲ ಕಾಣುತ್ತದಲ್ಲ, ಅದು ಬಾಹಾ ಕ್ಯಾಲಿಫೋರ್ನಿಯಾ. ಅದಕ್ಕೂ ಮೆಕ್ಸಿಕೋದ ಮುಖ್ಯ ನೆಲಕ್ಕೂ ನಡುವೆ ಸಿಕ್ಕಿಕೊಂಡಿರುವ ನೀರೇ ಕ್ಯಾಲಿಫೋರ್ನಿಯಾ ಕೊಲ್ಲಿ. ಅದರ ಉತ್ತರದ ತುದಿಯಲ್ಲಿ, ಹಿಂದೆ ಕೊಲರಾಡೊ ನದಿ ಬಂದು ಸೇರುತ್ತಿದ್ದ ಜಾಗದ ಕೆಳಗೆ, ವಕೀತಾದ ಮನೆ. ಅಲ್ಲಿ ನೀರು ಆಳವಿಲ್ಲ, ಯಾವಾಗಲೂ ಬಗ್ಗಡ. ಅದಕ್ಕೇ ಮೀನು, ಸೀಗಡಿ ಜಾಸ್ತಿ. ಅದಕ್ಕೇ ದೋಣಿಗಳೂ ಜಾಸ್ತಿ.

ದೂರ ಯಾಕೆ, ವಕೀತಾದ ನೆಂಟನೊಬ್ಬ ನಮ್ಮ ಕರ್ನಾಟಕದ ಕರಾವಳಿಯಲ್ಲೂ ಇದ್ದಾನೆ. ಬೆನ್ನ ಮೇಲೆ ರೆಕ್ಕೆಯೇ ಇಲ್ಲದ ಕಡಲಹಂದಿ ಅದು. ಅದೂ ಸಂಕೋಚದ ಪ್ರಾಣಿ. ಅದಕ್ಕೂ ದೊಡ್ಡ ಅಪಾಯ ಬಲೆಯೇ.

ಬಲೆಯೊಳಗೆ ಏನಾಗುತ್ತದೆ

ವಕೀತಾವನ್ನು ಮುಗಿಸಿದ್ದು ಗಿಲ್‌ನೆಟ್. ನಮ್ಮ ಕರಾವಳಿಯಲ್ಲಿ ಕಂತಬಲೆ, ಪಟ್ಟಬಲೆ ಅಂತ ಕರೆಯುವ ಬಲೆಗಳ ಜಾತಿಯದ್ದು. ಇದನ್ನು ಎಳೆಯುವುದಿಲ್ಲ, ಬೀಸುವುದೂ ಇಲ್ಲ. ಮೇಲಂಚಿಗೆ ತೇಲುವ ಬೆಂಡು, ಕೆಳಗಿನ ಅಂಚಿಗೆ ಭಾರ ಕಟ್ಟಿ ನೀರಿನಲ್ಲಿ ಗೋಡೆಯ ಹಾಗೆ ನಿಲ್ಲಿಸಿ ಬರುತ್ತಾರೆ. ಈಜಿಕೊಂಡು ಬಂದ ಮೀನು ಬಲೆಯ ಕಣ್ಣೊಳಗೆ ತಲೆ ತೂರಿಸುತ್ತದೆ. ಮೈ ದಪ್ಪ, ಮುಂದೆ ಹೋಗಲಾಗದು. ಹಿಂದೆ ಸರಿಯೋಣ ಅಂದರೆ ನೂಲು ಕಿವಿರಿಗೆ ಸಿಕ್ಕಿಕೊಳ್ಳುತ್ತದೆ. ಅಗ್ಗದ ಬಲೆ, ಕೆಲಸವೂ ಸುಲಭ. ಜಗತ್ತಿನಾದ್ಯಂತ ಸಣ್ಣ ಮೀನುಗಾರರ ಹೊಟ್ಟೆ ತುಂಬಿಸುವುದು ಇದೇ. ಹಾಗಾಗಿ ಬಲೆಯನ್ನು ಬೈದು ಪ್ರಯೋಜನವಿಲ್ಲ.

ತೊಂದರೆ ಏನೆಂದರೆ, ಈ ಗೋಡೆಗೆ ಮೀನು ಯಾವುದು, ವಕೀತಾ ಯಾವುದು ಅಂತ ತಿಳಿಯದು. ವಕೀತಾ ಬಗ್ಗಡದ ನೀರಿನಲ್ಲಿ ದಾರಿ ಹುಡುಕುವುದು ಶಬ್ದದಿಂದ. ನಮ್ಮ ಕಿವಿಗೆ ಕೇಳದಷ್ಟು ಕೀಚಲು ದನಿಯಲ್ಲಿ ಕ್ಲಿಕ್ ಕ್ಲಿಕ್ ಅಂತ ಸದ್ದು ಮಾಡಿ, ಅದರ ಮಾರ್ದನಿ ಕೇಳಿಸಿಕೊಂಡು ಎದುರಿಗೆ ಏನಿದೆ ಅಂತ ಅಂದಾಜು ಮಾಡುತ್ತದೆ. ಮೀನಿನ ಮೈಗೆ ಬಡಿದ ಸದ್ದು ಚೆನ್ನಾಗಿ ಮರಳುತ್ತದೆ. ತೆಳ್ಳನೆಯ ನೈಲಾನ್ ಎಳೆಯಿಂದ ಮರಳುವುದು ಬಲು ಕಮ್ಮಿ. ಬಲೆ ಇದೆ ಅಂತ ಗೊತ್ತಾಗುವ ಹೊತ್ತಿಗೆ ಮೂತಿಯೋ ಈಜುರೆಕ್ಕೆಯೋ ಸಿಕ್ಕಿರುತ್ತದೆ. ಬಿಡಿಸಿಕೊಳ್ಳಲು ಹೊರಳುತ್ತದೆ. ಹೊರಳಿದಷ್ಟೂ ಸುತ್ತಿಕೊಳ್ಳುತ್ತದೆ. ಮೀನಾಗಿದ್ದರೆ ನೀರಿನೊಳಗೇ ಸ್ವಲ್ಪ ಹೊತ್ತು ಉಸಿರಾಡಿಕೊಂಡು ಇರುತ್ತಿತ್ತು. ವಕೀತಾ ಸಸ್ತನಿ, ಗಾಳಿ ಬೇಕೇ ಬೇಕು. ನೀರಿನ ಮೇಲ್ಮೈ ಕೆಲವೇ ಮೀಟರ್ ಮೇಲಿರುತ್ತದೆ, ತಲುಪಲಾಗದೆ ಉಸಿರುಗಟ್ಟಿ ಸಾಯುತ್ತದೆ. ಬೆಳಗ್ಗೆ ಬಲೆ ಎಳೆದ ಮೀನುಗಾರನಿಗೆ ಅದು ಬೇಡದ ಭಾರ. ಬಿಡಿಸಿ ನೀರಿಗೆ ಎಸೆಯುತ್ತಾನೆ.

ಹಾಗಾದರೆ ಬಲೆಗೆ ಸದ್ದು ಮಾಡುವ ಯಂತ್ರ ಕಟ್ಟಿ ಎಚ್ಚರಿಸಬಹುದಲ್ಲ ಅಂತ ಅನ್ನಿಸಬಹುದು. ಬೇರೆ ಕಡೆ ಕಡಲಹಂದಿಗಳಿಗೆ ಹಾಗೆ ಮಾಡಿದ್ದಾರೆ. ಆದರೆ ವಕೀತಾಕ್ಕೆ ಇರುವುದೇ ಅಂಗೈಯಗಲದ ಜಾಗ. ಅಲ್ಲೆಲ್ಲ ಸದ್ದು ತುಂಬಿದರೆ ಮನೆಯಿಂದಲೇ ಓಡಿಸಿದ ಹಾಗೆ. ಮೇಲಾಗಿ ಕದ್ದು ಬಲೆ ಹಾಕುವವನು ಎಚ್ಚರಿಕೆ ಗಂಟೆ ಕಟ್ಟುತ್ತಾನೆಯೇ?

ಬಡ್ಡಿ ಮತ್ತು ಅಸಲು

ಒಂದು ಪ್ರಾಣಿ ಖಾಲಿಯಾಗುವುದಕ್ಕೆ ದೊಡ್ಡ ಮಾರಣಹೋಮವೇ ನಡೆಯಬೇಕಿಲ್ಲ. ವಕೀತಾದ ಲೆಕ್ಕ ನೋಡಿದರೆ ಇದು ತಿಳಿಯುತ್ತದೆ.

ಹೆಣ್ಣು ವಕೀತಾ ಸುಮಾರು ಹತ್ತು ಹನ್ನೊಂದು ತಿಂಗಳು ಗರ್ಭ ಹೊತ್ತು ಒಂದೇ ಮರಿ ಹಾಕುತ್ತದೆ. ಪ್ರತಿ ವರ್ಷವೂ ಹಾಕುತ್ತದೆ ಅನ್ನುವ ಖಾತ್ರಿಯಿಲ್ಲ. ಹುಟ್ಟು, ಮುಪ್ಪಿನ ಸಾವು ಎಲ್ಲ ಕಳೆದು ನೋಡಿದರೆ ಇಂಥ ಪ್ರಾಣಿಯ ಸಂಖ್ಯೆ ವರ್ಷಕ್ಕೆ ಹೆಚ್ಚೆಂದರೆ ನೂರಕ್ಕೆ ನಾಲ್ಕರಷ್ಟು ಬೆಳೆಯಬಹುದು. ಬ್ಯಾಂಕಿನ ಉಳಿತಾಯ ಖಾತೆಯ ಬಡ್ಡಿ ಅಂದುಕೊಳ್ಳಿ.

1997ರ ಎಣಿಕೆಯಲ್ಲಿ ಸುಮಾರು 567 ವಕೀತಾ ಇದ್ದವು ಅಂತ ಅಂದಾಜಾಯಿತು. ಅದಕ್ಕೆ ನಾಲ್ಕು ಪರ್ಸೆಂಟ್ ಬಡ್ಡಿ ಅಂದರೆ ವರ್ಷಕ್ಕೆ ಇಪ್ಪತ್ತೆರಡು, ಇಪ್ಪತ್ಮೂರು. ಖರ್ಚೆಷ್ಟು? ಅದಕ್ಕೂ ಕೆಲವು ವರ್ಷ ಮುಂಚೆ, 1990ರ ದಶಕದ ಮೊದಲ ಭಾಗದಲ್ಲಿ, ಎಲ್ ಗೋಲ್ಫೊ ದೆ ಸಾಂತಾ ಕ್ಲಾರಾ ಅನ್ನುವ ಒಂದೇ ಒಂದು ಮೀನುಗಾರರ ಊರಿನ ದೋಣಿಗಳ ಜೊತೆ ಹೋಗಿ ಅಧ್ಯಯನ ಮಾಡಿದ್ದರು. ಆ ಒಂದು ಊರಿನ ಬಲೆಗಳಲ್ಲೇ ವರ್ಷಕ್ಕೆ ಸುಮಾರು 39 ವಕೀತಾ ಸಾಯುತ್ತವೆ ಅಂತ ಲೆಕ್ಕ ಸಿಕ್ಕಿತು. ಸಾನ್ ಫೆಲಿಪೆಯದ್ದೂ ಅಷ್ಟೇ ಅಂತ ಹಿಡಿದರೆ 78. ಬಡ್ಡಿ ಇಪ್ಪತ್ತೆರಡು, ಖರ್ಚು ಎಪ್ಪತ್ತೆಂಟು. ಅಸಲು ಕರಗದೆ ಇನ್ನೇನಾಗುತ್ತದೆ?

ಇಲ್ಲಿ ಗಮನಿಸಬೇಕಾದ್ದು, ಯಾವ ಒಬ್ಬ ಮೀನುಗಾರನಿಗೂ ಇದು ಕಾಣುವುದಿಲ್ಲ. ಊರಲ್ಲಿ ನೂರಾರು ದೋಣಿ. ವರ್ಷಕ್ಕೆ 39 ಅಂದರೆ ಬಹಳಷ್ಟು ದೋಣಿಗಳ ಪಾಲಿಗೆ ವರ್ಷದಲ್ಲಿ ಒಂದೂ ಬರುವುದಿಲ್ಲ. ‘ನನ್ನ ಬಲೆಗೆ ಬಿದ್ದೇ ಇಲ್ಲ, ನಾನು ಹೇಗೆ ಕಾರಣ?’ ಅಂತ ಅವನು ಕೇಳಿದರೆ ಅದು ಸುಳ್ಳಲ್ಲ. ವಕೀತಾ ಅನ್ನುವ ಪ್ರಾಣಿಯೇ ಇಲ್ಲ, ನಮ್ಮನ್ನು ಇಲ್ಲಿಂದ ಎಬ್ಬಿಸಲು ಕಟ್ಟಿದ ಕಥೆ ಅಂತ ಅಲ್ಲಿ ಮಾತಾಡಿಕೊಂಡವರೂ ಇದ್ದಾರೆ. ಇನ್ನು ಕೆಲವರು ಕೊಲರಾಡೊ ನದಿಯ ಕಡೆ ಬೆರಳು ತೋರಿಸಿದರು. ಅಮೆರಿಕ ಅಣೆಕಟ್ಟು ಕಟ್ಟಿಕೊಂಡು ನದಿಯ ನೀರು ಕೊಲ್ಲಿಗೆ ಬರದ ಹಾಗೆ ಮಾಡಿದ್ದು ನಿಜ. ಆದರೆ ವಿಜ್ಞಾನಿಗಳಿಗೆ ಸಿಕ್ಕ ವಕೀತಾಗಳು ಉಪವಾಸದಿಂದ ಬಡಕಲಾದವಲ್ಲ, ಚೆನ್ನಾಗಿ ತಿಂದುಂಡು ಬಲೆಗೆ ಬಿದ್ದು ಸತ್ತವು.

ಮೀನಿನ ಹೊಟ್ಟೆಯೊಳಗಿನ ಚಿನ್ನ

ಇಷ್ಟೇ ಆಗಿದ್ದರೆ ಇಳಿಕೆ ನಿಧಾನಕ್ಕೆ ಆಗುತ್ತಿತ್ತು, ತಡೆಯಲು ಸಮಯವೂ ಇರುತ್ತಿತ್ತು. 2008ರ ಎಣಿಕೆಯಲ್ಲಿ ಸುಮಾರು 245 ಇದ್ದವು. 2015ರಲ್ಲಿ ಸುಮಾರು 59. ಮರುವರ್ಷ ಸುಮಾರು 30. ನಡುವೆ ಏನೋ ದೊಡ್ಡದು ನಡೆದಿದೆ ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ?

ನಡೆದದ್ದು ಟೊಟೊವಾಬಾ. ಇದೊಂದು ಮೀನು. ನಮ್ಮ ಕಲ್ಲೂರು ಮೀನಿನ ಬಳಗದ್ದೇ, ಆದರೆ ದೈತ್ಯ. ಎರಡು ಮೀಟರ್ ಉದ್ದ, ನೂರು ಕೆಜಿ ತೂಕದವರೆಗೂ ಬೆಳೆಯುತ್ತದೆ. ಇದೂ ಕ್ಯಾಲಿಫೋರ್ನಿಯಾ ಕೊಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಮೀನಿನ ಹೊಟ್ಟೆಯಲ್ಲಿ ತೇಲಲು ನೆರವಾಗುವ ಒಂದು ಗಾಳಿಚೀಲ ಇರುತ್ತದೆ. ಅಲ್ಲಿನವರು ಅದಕ್ಕೆ ಬೂಚೆ ಅನ್ನುತ್ತಾರೆ. ಒಣಗಿಸಿದ ಗಾಳಿಚೀಲವನ್ನು ಚೀನಾದಲ್ಲಿ ಸೂಪಿಗೆ ಹಾಕುತ್ತಾರೆ, ಔಷಧಿ ಅಂತ ನಂಬುತ್ತಾರೆ, ಉಡುಗೊರೆ ಕೊಡುತ್ತಾರೆ, ಚಿನ್ನ ಕೂಡಿಟ್ಟ ಹಾಗೆ ಕೂಡಿಡುವವರೂ ಇದ್ದಾರೆ. ಮೊದಲು ಅವರದೇ ಸಮುದ್ರದ ಬಹಾಬಾ ಅನ್ನುವ ಮೀನಿನ ಚೀಲ ಬಳಸುತ್ತಿದ್ದರು. ಹಿಡಿದು ಹಿಡಿದು ಅದು ಖಾಲಿಯಾಯಿತು. ಅದೇ ರುಚಿ, ಅದೇ ಗಾತ್ರ ಇರುವ ಟೊಟೊವಾಬಾ ಮೇಲೆ ಕಣ್ಣು ಬಿತ್ತು. ಗುಜರಾತ್, ಮಹಾರಾಷ್ಟ್ರದ ಕಡೆ ಘೋಲ್ ಮೀನು ಬಲೆಗೆ ಬಿದ್ದರೆ ಲಕ್ಷಗಟ್ಟಲೆ ಎಣಿಸುತ್ತಾರೆ ಅಂತ ಸುದ್ದಿ ಓದಿರುತ್ತೀರಿ. ಅಲ್ಲೂ ಬೆಲೆ ಇರುವುದು ಇದೇ ಚೀಲಕ್ಕೆ.

ಟೊಟೊವಾಬಾ ಮೀನುಗಾರಿಕೆ ಹಳೆಯದು. 1942ರಲ್ಲಿ ಎರಡು ಸಾವಿರ ಟನ್‌ಗಿಂತ ಜಾಸ್ತಿ ಹಿಡಿದಿದ್ದರು. 1975ಕ್ಕೆ ಅದು 58 ಟನ್‌ಗೆ ಇಳಿಯಿತು. ಆ ವರ್ಷವೇ ಮೆಕ್ಸಿಕೋ ಸರ್ಕಾರ ಪೂರ್ತಿ ನಿಷೇಧ ಹಾಕಿತು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದರು. ಆದರೆ 2011ರ ಆಸುಪಾಸಿನಲ್ಲಿ ಚೀನಾದಲ್ಲಿ ಬೆಲೆ ಇದ್ದಕ್ಕಿದ್ದಂತೆ ಏರಿತು. ಒಂದು ಕೆಜಿ ಗಾಳಿಚೀಲಕ್ಕೆ ದಡದಲ್ಲಿ ನಿಂತ ಮೀನುಗಾರನ ಕೈಗೇ ಸಾವಿರಾರು ಡಾಲರ್. ಚೀನಾ ಮುಟ್ಟುವ ಹೊತ್ತಿಗೆ ಅದು ಹತ್ತಾರು ಸಾವಿರ. ‘ಸಮುದ್ರದ ಕೊಕೇನ್’ ಅಂತ ಪತ್ರಿಕೆಗಳು ಹೆಸರಿಟ್ಟವು. ಕೊಕೇನ್ ಸಾಗಿಸುವ ಗುಂಪುಗಳೇ ಇದಕ್ಕೂ ಕೈ ಹಾಕಿದವು.

ರಾತ್ರಿ ದೋಣಿ ಇಳಿಯುತ್ತದೆ. ಅಲ್ಲಿನ ಸಣ್ಣ ಮೋಟಾರು ದೋಣಿಗೆ ಪಂಗಾ ಅನ್ನುತ್ತಾರೆ. ದೊಡ್ಡ ಕಣ್ಣಿನ ಬಲೆ ಕಟ್ಟಿ, ಕಾಣದ ಹಾಗೆ ಮುಳುಗಿಸಿ ಬರುತ್ತಾರೆ. ಮರುದಿನವೋ ಅದರ ಮರುದಿನವೋ ಹೋಗಿ ಎತ್ತುತ್ತಾರೆ. ಹೊಟ್ಟೆ ಸೀಳಿ ಚೀಲ ತೆಗೆದುಕೊಂಡು ಎಷ್ಟೋ ಸಲ ಇಡೀ ಮೀನನ್ನು ಅಲ್ಲೇ ಎಸೆಯುತ್ತಾರೆ. ಟೊಟೊವಾಬಾ ತಲೆಯೂ ವಕೀತಾ ತಲೆಯೂ ಹೆಚ್ಚುಕಮ್ಮಿ ಒಂದೇ ಅಳತೆ. ಆ ಬಲೆಯ ಕಣ್ಣು ವಕೀತಾಕ್ಕೇ ಹೇಳಿ ಮಾಡಿಸಿದ ಹಾಗಿರುತ್ತದೆ. ಟೊಟೊವಾಬಾ ಮೊಟ್ಟೆ ಇಡಲು ಕೊಲ್ಲಿಯ ತುದಿಗೆ ಬರುವ ಚಳಿಗಾಲ, ವಸಂತದ ತಿಂಗಳುಗಳಲ್ಲೇ ವಕೀತಾ ಮರಿ ಹಾಕುವುದು. 2011ರಿಂದ 2016ರವರೆಗಿನ ಐದು ವರ್ಷದಲ್ಲಿ ಸಂಖ್ಯೆ ನೂರಕ್ಕೆ ತೊಂಬತ್ತರಷ್ಟು ಕುಸಿಯಿತು.

ನಿಷೇಧದ ಮೇಲೆ ನಿಷೇಧ

ಸರ್ಕಾರ ಸುಮ್ನೆ ಕೂತಿರಲಿಲ್ಲ. ಕಾಗದದ ಮೇಲೆ ನೋಡಿದರೆ ಇಷ್ಟು ಕಾನೂನು ಸಿಕ್ಕ ಪ್ರಾಣಿ ಅಪರೂಪ. 1993ರಲ್ಲಿ ಕೊಲ್ಲಿಯ ತುದಿಯನ್ನು ಜೀವಗೋಳ ಮೀಸಲು ಪ್ರದೇಶ ಅಂತ ಘೋಷಿಸಿದರು. 2005ರಲ್ಲಿ ವಕೀತಾ ಆಶ್ರಯತಾಣ ಬಂತು. ಬಲೆ, ದೋಣಿ, ಪರವಾನಗಿ ಬಿಟ್ಟುಕೊಟ್ಟವರಿಗೆ ದುಡ್ಡು ಕೊಡುವ ಯೋಜನೆ ಬಂತು. 2015ರ ಏಪ್ರಿಲ್‌ನಲ್ಲಿ ಗಿಲ್‌ನೆಟ್‌ಗೆ ಎರಡು ವರ್ಷದ ತುರ್ತು ನಿಷೇಧ ಹಾಕಿ ಮೀನುಗಾರರಿಗೆ ಪರಿಹಾರ ಕೊಡಲು ಶುರು ಮಾಡಿದರು. 2017ರಲ್ಲಿ ನಿಷೇಧ ಕಾಯಂ ಆಯಿತು. ಆ ಜೂನ್‌ನಲ್ಲಿ ಅಧ್ಯಕ್ಷ ಎನ್ರಿಕೆ ಪೆನ್ಯ ನಿಯೆತೊ, ನಟ ಲಿಯೊನಾರ್ಡೊ ಡಿಕಾಪ್ರಿಯೊ, ಉದ್ಯಮಿ ಕಾರ್ಲೊಸ್ ಸ್ಲಿಮ್ ಮೂವರೂ ಕೂತು ಒಪ್ಪಂದಕ್ಕೆ ಸಹಿ ಹಾಕಿ ಫೋಟೋ ತೆಗೆಸಿಕೊಂಡರು.

ನೀರಿನ ಮೇಲೆ ನಡೆದದ್ದೇ ಬೇರೆ. ಪರಿಹಾರದ ಹಣ ಪರವಾನಗಿ ಇದ್ದವನ ಕೈ ಸೇರಿತು. ದೋಣಿಯಲ್ಲಿ ದುಡಿಯುವ ಕೂಲಿಯವನಿಗೆ ಸಿಕ್ಕಿದ್ದು ಅಷ್ಟಕ್ಕಷ್ಟೆ. ಹತ್ತಾರು ಪರವಾನಗಿ ಇಟ್ಟುಕೊಂಡವನು ಇನ್ನಷ್ಟು ಶ್ರೀಮಂತನಾದ. 2018ರ ಕೊನೆಗೆ ಆ ಪರಿಹಾರವೂ ನಿಂತುಹೋಯಿತು. ನಿಷೇಧ ಮಾತ್ರ ಉಳಿಯಿತು. ಸೀಗಡಿ ಹಿಡಿಯಲು ಗಿಲ್‌ನೆಟ್ ಬದಲಿಗೆ ಸಣ್ಣ ಎಳೆಬಲೆ ಬಳಸಿ ಅಂದರು. ಆದರೆ ಹೊಸ ಬಲೆಗೆ ಡೀಸೆಲ್ ಜಾಸ್ತಿ, ಸಿಗುವ ಸೀಗಡಿ ಕಮ್ಮಿ. ಅದನ್ನು ಬಳಸಲು ಪರವಾನಗಿಯೂ ಸರಿಯಾದ ಹೊತ್ತಿಗೆ ಸಿಗುತ್ತಿರಲಿಲ್ಲ. ಪಕ್ಕದಲ್ಲೇ ಹಳೆಯ ಬಲೆ ಹಾಕಿ ಎರಡು ಪಾಲು ಹಿಡಿಯುವವನನ್ನು ಯಾರೂ ತಡೆಯುತ್ತಿರಲಿಲ್ಲ. ಇಂಥದ್ದರಲ್ಲಿ ಕಾನೂನು ಪಾಲಿಸಿದವನೇ ದಡ್ಡ ಅನ್ನಿಸಿಕೊಳ್ಳುತ್ತಾನೆ. ನನಗೆ ಇಡೀ ಕಥೆಯಲ್ಲಿ ದೊಡ್ಡ ತಪ್ಪು ಅಂತ ಕಾಣುವುದು ಇದೇ. ಬಲೆ ಬಿಡಿ ಅಂತ ಹೇಳಿದಷ್ಟು ಸಲ, ಬಿಟ್ಟ ಮೇಲೆ ಸೋಮವಾರ ಬೆಳಗ್ಗೆ ಏನು ಹಿಡಿಯಬೇಕು ಅಂತ ಯಾರೂ ಹೇಳಲಿಲ್ಲ.

ಕಡಲಜೀವಿಗಳ ರಕ್ಷಣೆಗೆ ದುಡಿಯುವ ಸೀ ಶೆಫರ್ಡ್ ಸಂಸ್ಥೆಯ ಹಡಗುಗಳು 2015ರಿಂದ ಅಲ್ಲಿ ಗಸ್ತು ತಿರುಗಿ ನೂರಾರು ಕಳ್ಳಬಲೆ ಎತ್ತಿದವು. ಬಲೆ ಎತ್ತಿದಷ್ಟೂ ದ್ವೇಷವೂ ಏರಿತು. ಹಡಗಿನ ಮೇಲೆ ಕಲ್ಲು, ಪೆಟ್ರೋಲ್ ಬಾಂಬ್ ಬಿದ್ದವು. 2020ರ ಡಿಸೆಂಬರ್ 31ರಂದು ಪಂಗಾ ಒಂದು ಹಡಗಿಗೆ ಡಿಕ್ಕಿಯಾಗಿ ಒಬ್ಬ ಮೀನುಗಾರ ಸತ್ತ. ವಕೀತಾ ಹೆಸರು ಕೇಳಿದರೆ ಊರಿನವರಿಗೆ ಸಿಟ್ಟು ಬರುವ ಹಾಗಾಯಿತು.

ಆ ಸೆಪ್ಟೆಂಬರ್‌ನಲ್ಲಷ್ಟೇ ಸರ್ಕಾರ ಒಂದು ‘ಶೂನ್ಯ ಸಹನೆ ವಲಯ’ ಗುರುತಿಸಿತ್ತು. ವಕೀತಾ ಕೊನೆಯದಾಗಿ ಉಳಿದಿರುವ 225 ಚದರ ಕಿಲೋಮೀಟರ್. ಬಿಬಿಎಂಪಿ ಇದ್ದಾಗಿನ ಬೆಂಗಳೂರಿನ ಮೂರನೇ ಒಂದು ಪಾಲಿನಷ್ಟು ಜಾಗ. ಅದರೊಳಗೆ ಯಾವ ದೋಣಿಯೂ ಬರಕೂಡದು. ಹೆಸರೇನೋ ಗಟ್ಟಿಯಾಗಿತ್ತು. ವರ್ಷ ತುಂಬುವ ಮುಂಚೆ, 2021ರ ಜುಲೈನಲ್ಲಿ, ಒಳಗೆ ಎಷ್ಟು ದೋಣಿ ಕಂಡರೆ ಎಷ್ಟು ಕ್ರಮ ಅನ್ನುವ ಪಟ್ಟಿ ಬಂತು. ಅರವತ್ತೈದಕ್ಕಿಂತ ಜಾಸ್ತಿ ಕಂಡರೆ ಪೂರ್ತಿ ಬಲ ಬಳಸುವುದಂತೆ. ಶೂನ್ಯ ಅಂದರೆ ಎಷ್ಟು ಅಂತ ಲೆಕ್ಕದ ಮೇಷ್ಟ್ರನ್ನೇ ಕೇಳಬೇಕು.

ಗೂಡಿಗೆ ತರುವ ಪ್ರಯತ್ನ

ಬಲೆಯನ್ನು ನೀರಿನಿಂದ ತೆಗೆಯಲಾಗದಿದ್ದರೆ ವಕೀತಾವನ್ನೇ ತೆಗೆದರಾಯಿತು ಅನ್ನುವ ಯೋಚನೆಯೂ ಬಂತು. ಹಿಡಿದು, ಸಮುದ್ರದಲ್ಲೇ ಕಟ್ಟಿದ ಆವರಣದಲ್ಲಿ ಇಟ್ಟು, ಬಲೆ ಹೋದ ಮೇಲೆ ಬಿಡುವುದು. 2017ರ ಅಕ್ಟೋಬರ್‌ನಲ್ಲಿ ಹಲವು ದೇಶಗಳ ತಜ್ಞರು, ಪಶುವೈದ್ಯರು ಸಾನ್ ಫೆಲಿಪೆಗೆ ಬಂದಿಳಿದರು. ಮುಂದಾಳತ್ವ ಮೆಕ್ಸಿಕೋದ ಲೊರೆಂಜೊ ರೋಹಾಸ್ ಬ್ರಾಚೊ ಅವರದು. ವಕೀತಾ ಹುಡುಕಿಕೊಡಲು ಅಮೆರಿಕದ ನೌಕಾಪಡೆಯ ಪಳಗಿಸಿದ ಡಾಲ್ಫಿನ್‌ಗಳೂ ಬಂದಿದ್ದವು. ಆವರಣಕ್ಕೆ ಎಲ್ ನೀಡೊ, ಅಂದರೆ ಗೂಡು, ಅಂತ ಹೆಸರಿಟ್ಟಿದ್ದರು.

ಮೊದಲು ಸಿಕ್ಕಿದ್ದು ಒಂದು ಎಳೆಯ ವಕೀತಾ. ಅದು ಗಾಬರಿಯಾಗಿ ಸುಧಾರಿಸಿಕೊಳ್ಳದೆ ಹೋದಾಗ ಹಿಡಿದ ಜಾಗಕ್ಕೇ ಒಯ್ದು ಬಿಟ್ಟರು. ನವೆಂಬರ್ 4ರಂದು ಬೆಳೆದ ಹೆಣ್ಣು ಸಿಕ್ಕಿತು. ಮೊದಮೊದಲು ಶಾಂತವಾಗಿತ್ತು. ಗೂಡಿನೊಳಗೆ ಬಿಟ್ಟ ಮೇಲೆ ಬಲೆಗೋಡೆಯ ಕಡೆ ನುಗ್ಗತೊಡಗಿತು. ಆಮೇಲೆ ಸೋತು ನಿಂತಿತು. ಆಗದು ಅಂತ ಹೊರಗೆ ಬಿಟ್ಟರೆ ದಿಕ್ಕುಗೆಟ್ಟು ಈಜಿ ಉಸಿರು ನಿಲ್ಲಿಸಿತು. ಮತ್ತೆ ಎತ್ತಿಕೊಂಡು ಮೂರು ಗಂಟೆ ಹೃದಯ ಒತ್ತಿ, ಔಷಧಿ ಕೊಟ್ಟು ನೋಡಿದರು. ಉಳಿಯಲಿಲ್ಲ. ಇದ್ದದ್ದೇ ಮೂವತ್ತರೊಳಗೆ. ಅದರಲ್ಲಿ ಮರಿ ಹಾಕುವ ವಯಸ್ಸಿನ ಒಂದು ಹೆಣ್ಣು ಉಳಿಸುವವರ ಕೈಯಲ್ಲೇ ಹೋಯಿತು. ಕೆಲಸ ಅಲ್ಲಿಗೇ ನಿಂತಿತು.

ಅವರನ್ನು ಬೈಯುವವರು ಬಹಳ ಮಂದಿ. ನಾನಂತೂ ಬೈಯಲಾರೆ. ಮೂವತ್ತು ಇದ್ದದ್ದು ಮುಂದಿನ ವರ್ಷಕ್ಕೆ ಹದಿನೈದಾಗುತ್ತದೆ ಅಂತ ಲೆಕ್ಕ ಹೇಳುತ್ತಿದ್ದಾಗ ಕೈಕಟ್ಟಿ ಕೂರುವುದೂ ಒಂದು ತೀರ್ಮಾನವೇ. ಅದರ ಕಣ್ಣೆದುರಿನ ಉದಾಹರಣೆ ಚೀನಾದ ಬೈಜಿ. ಯಾಂಗ್ಟ್ಸೆ ನದಿಯ ಈ ಡಾಲ್ಫಿನ್ ಹುಡುಕಿಕೊಂಡು 2006ರಲ್ಲಿ ಆರು ವಾರ ದೋಣಿಯಲ್ಲಿ ಸುತ್ತಿದರು. ಒಂದೂ ಕಾಣಲಿಲ್ಲ. ಅದನ್ನು ಹುಡುಕಲು ಹೋದವರಲ್ಲಿ ಕೆಲವರು ವಕೀತಾಕ್ಕಾಗಿಯೂ ದುಡಿದವರು.

ಇಷ್ಟು ಕಮ್ಮಿಯಾದ ಮೇಲೆ ಉಳಿಯುತ್ತದೆಯೇ?

ಹತ್ತು ಪ್ರಾಣಿ ಉಳಿದರೆ ಒಳಸಂಬಂಧದಿಂದ ಮರಿಗಳು ಬಲಹೀನವಾಗುತ್ತವೆ, ಹೇಗೂ ಸಾಯುತ್ತವೆ, ಸುಮ್ನೆ ದುಡ್ಡು ಯಾಕೆ ಸುರಿಯಬೇಕು ಅನ್ನುವ ಮಾತು ಬಹಳ ಕೇಳಿಬರುತ್ತದೆ. ಕೇಳಲು ಸರಿಯಾಗಿಯೇ ಇದೆ. ಆದರೆ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದಕ್ಕೆ ನೇರ ಉತ್ತರ ಕೊಟ್ಟಿತು. 1985ರಿಂದ 2017ರ ನಡುವೆ ಸಂಗ್ರಹಿಸಿಟ್ಟಿದ್ದ ಇಪ್ಪತ್ತು ವಕೀತಾಗಳ ಅಂಗಾಂಶ ತೆಗೆದು ಪೂರ್ತಿ ಡಿಎನ್‌ಎ ಓದಿದರು. ವಕೀತಾ ಎಂದೂ ಲಕ್ಷಗಟ್ಟಲೆ ಇದ್ದ ಪ್ರಾಣಿಯೇ ಅಲ್ಲ. ಸುಮಾರು ಎರಡೂವರೆ ಲಕ್ಷ ವರ್ಷದಿಂದ ಕೆಲವು ಸಾವಿರದಷ್ಟೇ ಇದ್ದುಕೊಂಡು ಬಂದಿದೆ.

ಇದು ಯಾಕೆ ಒಳ್ಳೆಯ ಸುದ್ದಿ? ದೊಡ್ಡ ಸಂಖ್ಯೆಯ ಪ್ರಾಣಿಗಳಲ್ಲಿ ಕೆಟ್ಟ ಜೀನ್‌ಗಳು ಒಳಗೇ ಅಡಗಿ ಕೂತಿರುತ್ತವೆ. ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಅದೇ ಕೆಟ್ಟ ಜೀನ್ ಬಂದರೆ ಮಾತ್ರ ಮರಿಗೆ ತೊಂದರೆ. ಸಣ್ಣ ಗುಂಪಿನಲ್ಲಿ ಅಂಥ ಜೋಡಿ ಆಗಾಗ ಆಗುತ್ತದೆ, ಆ ಮರಿಗಳು ಬದುಕುವುದಿಲ್ಲ, ಅವುಗಳ ಜೊತೆ ಕೆಟ್ಟ ಜೀನ್ ಕೂಡ ಹೋಗುತ್ತದೆ. ಎಷ್ಟೋ ತಲೆಮಾರು ಕೇರಿ ಕೇರಿ ಕಲ್ಲು ತೆಗೆದ ಅಕ್ಕಿಯ ಹಾಗೆ. ವಕೀತಾದಲ್ಲಿ ಉಳಿದಿರುವ ಕಲ್ಲು ಕಮ್ಮಿ.

ಆಮೇಲೆ ಕಂಪ್ಯೂಟರಿನಲ್ಲಿ ಮುಂದಿನ ಐವತ್ತು ವರ್ಷದ ಲೆಕ್ಕ ಹಾಕಿದರು. ಬಲೆಯ ಸಾವು ಪೂರ್ತಿ ನಿಂತರೆ ವಕೀತಾ ಅಳಿಯುವ ಸಾಧ್ಯತೆ ನೂರಕ್ಕೆ ಆರು ಮಾತ್ರ. ತೊಂಬತ್ತು ಪಾಲು ನಿಂತು ಹತ್ತು ಪಾಲು ಉಳಿದರೆ 27. ಎಂಬತ್ತು ಪಾಲು ನಿಂತರೆ 62. ಈ ಮೂರು ಅಂಕಿಗಳನ್ನು ಮತ್ತೊಮ್ಮೆ ನೋಡಿ. ಎಂಬತ್ತು ಪರ್ಸೆಂಟ್ ಕೆಲಸ ಮಾಡಿದರೆ ಪರೀಕ್ಷೆಯಲ್ಲಿ ಡಿಸ್ಟಿಂಕ್ಷನ್ ಸಿಗುತ್ತದೆ, ಇಲ್ಲಿ ಫೇಲು. ಪ್ರಾಣಿ ಹತ್ತೇ ಇದ್ದಾಗ ವರ್ಷಕ್ಕೆ ಒಂದು ಸತ್ತರೂ ಬಡ್ಡಿ ಮೀರಿದ ಖರ್ಚು.

ಇಷ್ಟು ತಳಮುಟ್ಟಿ ಮೇಲೆದ್ದ ಪ್ರಾಣಿ ಹುಡುಕಲು ದೂರ ಹೋಗಬೇಕಿಲ್ಲ. ಬಾಹಾ ಕ್ಯಾಲಿಫೋರ್ನಿಯಾದ ಆಚೆ ಬದಿಯ ಪೆಸಿಫಿಕ್‌ನಲ್ಲಿ ಗ್ವಾಡಲೂಪೆ ಅನ್ನುವ ದ್ವೀಪವಿದೆ. ಎಣ್ಣೆಗಾಗಿ ಕೊಂದು ಕೊಂದು ಆನೆಸೀಲ್‌ಗಳು 1890ರ ದಶಕದಲ್ಲಿ ಅಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದವು. 1922ರಲ್ಲಿ ಮೆಕ್ಸಿಕೋ ರಕ್ಷಣೆ ಕೊಟ್ಟಿತು. ಇವತ್ತು ಆ ಕರಾವಳಿಯಲ್ಲಿ ಅವು ಎರಡು ಲಕ್ಷದಷ್ಟಿವೆ.

ಕೊಕ್ಕೆ ಹಾಕಿದ ಕಾಂಕ್ರೀಟು

ಇಷ್ಟು ವರ್ಷದ ಒಪ್ಪಂದ, ಸಹಿ, ಘೋಷಣೆಗಳಿಗಿಂತ ಜಾಸ್ತಿ ಕೆಲಸ ಮಾಡಿದ್ದು ಯಾವುದು ಗೊತ್ತೇ? ಕಾಂಕ್ರೀಟ್ ಬ್ಲಾಕ್. 2022ರಲ್ಲಿ ಮೆಕ್ಸಿಕೋ ನೌಕಾಪಡೆ ಶೂನ್ಯ ಸಹನೆ ವಲಯದ ತಳಕ್ಕೆ 193 ಬ್ಲಾಕ್ ಇಳಿಬಿಟ್ಟಿತು. ಪ್ರತಿಯೊಂದರ ಮೇಲೂ ಸುಮಾರು ಮೂರು ಮೀಟರ್ ಎತ್ತರದ ಕಬ್ಬಿಣದ ಕೊಕ್ಕೆ. ಅಲ್ಲಿ ಬಲೆ ಹಾಕಿದರೆ ಕೊಕ್ಕೆಗೆ ಸಿಕ್ಕಿ ಹರಿಯುತ್ತದೆ, ಎತ್ತಲೂ ಆಗುವುದಿಲ್ಲ. ಬಲೆ ಅಂದರೆ ಮೀನುಗಾರನ ಬಂಡವಾಳ. ಪೊಲೀಸರಿಗೆ, ದಂಡಕ್ಕೆ ಹೆದರದವನೂ ಬಲೆ ಕಳೆದುಕೊಳ್ಳಲು ಹೆದರುತ್ತಾನೆ. ವಲಯದೊಳಗೆ ಗಿಲ್‌ನೆಟ್ ಹಾಕುವುದು ಅಲ್ಲಿಂದ ಮುಂದೆ ತೊಂಬತ್ತು ಪರ್ಸೆಂಟ್‌ಗಿಂತ ಜಾಸ್ತಿ ಇಳಿಯಿತು. ಹರಿದ ಬಲೆ ಕೊಕ್ಕೆಯಲ್ಲೇ ನೇತಾಡಿಕೊಂಡು ವಕೀತಾಕ್ಕೆ ಕುತ್ತಾಗಬಾರದಲ್ಲ, ಹಾಗಾಗಿ ಆಗಾಗ ಹೋಗಿ ನೋಡುವ ಕೆಲಸವೂ ಇದೆ.

ಹೊರಗಿನ ಒತ್ತಡವೂ ಸೇರಿಕೊಂಡಿತು. ಗಿಲ್‌ನೆಟ್‌ನಲ್ಲಿ ಹಿಡಿದ ಅಲ್ಲಿನ ಸೀಗಡಿ ತರಬಾರದು ಅಂತ ಅಮೆರಿಕದ ನ್ಯಾಯಾಲಯ 2018ರಲ್ಲೇ ಹೇಳಿತ್ತು. 2023ರ ಮಾರ್ಚ್‌ನಲ್ಲಿ ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದಡಿ ಮೆಕ್ಸಿಕೋ ಮೇಲೆ ನಿರ್ಬಂಧ ಬಂತು. ಸರ್ಕಾರ ಹೊಸ ಯೋಜನೆ ಕೊಟ್ಟ ಮೇಲೆ ಕೆಲವೇ ವಾರದಲ್ಲಿ ತೆಗೆದರು. ಆ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ತನ್ನ ಇತಿಹಾಸದಲ್ಲೇ ಮೊದಲ ‘ಅಳಿವಿನ ಎಚ್ಚರಿಕೆ’ ಹೊರಡಿಸಿತು.

ಈಗ ಎಷ್ಟಿವೆ ಅಂತ ತಿಳಿಯುವುದೂ ಒಂದು ಸಾಹಸ. ನೀರಿನೊಳಗೆ ಧ್ವನಿಗ್ರಾಹಕ ಇಳಿಸಿ ಕ್ಲಿಕ್ ಸದ್ದು ಎಲ್ಲಿ ಕೇಳುತ್ತದೆ ಅಂತ ಮೊದಲು ನೋಡುತ್ತಾರೆ. ಅತ್ತ ಕಡೆ ಹಡಗು ಹೋಗುತ್ತದೆ. ಹಡಗಿನ ಮೇಲೆ ಕಂಬಕ್ಕೆ ಕೂರಿಸಿದ ದೊಡ್ಡ ದುರ್ಬೀನು. ಒಬ್ಬೊಬ್ಬರೂ ಸರದಿಯಲ್ಲಿ ಕಣ್ಣಿಟ್ಟು ಕೂರುತ್ತಾರೆ. ಗಾಳಿ ಬೀಸಿ ಅಲೆ ಎದ್ದರೆ ಆ ದಿನ ದಂಡ. ಬೆನ್ನಿನ ಪುಟ್ಟ ತ್ರಿಕೋನ ರೆಕ್ಕೆ ಎರಡು ಸೆಕೆಂಡು ಕಂಡು ಮಾಯವಾಗುತ್ತದೆ. ಇದು ಆಗಲೇ ಕಂಡದ್ದೋ, ಬೇರೆಯದೋ ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಲೆಕ್ಕ ಯಾವಾಗಲೂ ‘ಇಷ್ಟರಿಂದ ಇಷ್ಟು’ ಅಂತಲೇ ಇರುತ್ತದೆ. 2023ರಲ್ಲಿ ಹತ್ತರಿಂದ ಹದಿಮೂರು ಕಂಡವು. 2024ರಲ್ಲಿ ಆರರಿಂದ ಎಂಟು. ಕಮ್ಮಿಯಾಯಿತು ಅಂತ ಥಟ್ಟನೆ ಹೇಳಲಾಗದು. ಹುಡುಕಿದ್ದು ಸಣ್ಣ ಜಾಗದಲ್ಲಿ, ವಕೀತಾಕ್ಕೆ ಗಡಿ ಗೊತ್ತಿಲ್ಲ, ಆಚೆ ಇದ್ದಿರಬಹುದು. ಕೊಕ್ಕೆ ಇಲ್ಲದ ಆ ಆಚೆಯ ನೀರಿನದೇ ಆಗ ಚಿಂತೆಯಾಗಿತ್ತು.

ಆ 2024ರ ಹುಡುಕಾಟದಲ್ಲಿ ಆ ವರ್ಷ ಹುಟ್ಟಿದ ಮರಿ ಒಂದೂ ಕಾಣಲಿಲ್ಲ. ಆದರೆ ಒಂದು ವರ್ಷ ತುಂಬಿದ ಮರಿ ಕಂಡಿತು, ಚೆನ್ನಾಗಿಯೇ ಇತ್ತು. ಅಂದರೆ ಅದು ಹುಟ್ಟಿದ್ದು ಬ್ಲಾಕ್‌ಗಳು ತಳ ಸೇರಿದ ಮೇಲೆ.